ಕ್ಯಾಸೆಟ್ಟಿಗೆ ಹಿಡಿಸದೆ ಹೋದ ಎರಡು ನಿಮಿಷ

ಆ ರೆಕಾರ್ಡನ್ನು ಕಪಾಟಿನಿಂದ ತೆಗೆದಾಗಲೆಲ್ಲ ಎರಡು ವಾಸನೆ ಒಟ್ಟಿಗೆ ಬರುತ್ತವೆ. ಒಂದು ಹೊಸ ಪ್ಲಾಸ್ಟಿಕ್ಕಿನದು, ಇನ್ನೂ ಪೂರ್ತಿ ಹೋಗಿಲ್ಲ. ಇನ್ನೊಂದು ವಿಭೂತಿಯದು. ಕವರಿನ ಮೇಲ್ತುದಿಯಲ್ಲಿ, ಸ್ಯಾಕ್ಸೊಫೋನ್ ಹಿಡಿದು ನಿಂತ ಮನುಷ್ಯನ ಹ್ಯಾಟಿನ ಪಕ್ಕದಲ್ಲೇ, ಮೂರು ಬೆರಳಿನ ಬಿಳಿ ಗೆರೆಗಳಿವೆ. ಎಳೆದವನು ನನ್ನ ಸೋದರಮಾವ ಮಹದೇವ. ರೆಕಾರ್ಡು ಸಂಗ್ರಹಿಸುವ ಜನ ಕವರಿನ ಮೇಲೆ ಒಂದು ಚುಕ್ಕೆ ಬಿದ್ದರೂ ಹೌಹಾರುತ್ತಾರೆ. ಈ ಗೆರೆ ನೋಡಿದರೆ ನನ್ನನ್ನು ಬೈದು ಮನೆಯಿಂದ ಎದ್ದು ಹೋದಾರು. ಹೋಗಲಿ. ನಾನದನ್ನು ಒರೆಸಿಲ್ಲ, ಒರೆಸುವುದೂ ಇಲ್ಲ. ಅದನ್ನು ಮೂಗಿನ ಹತ್ತಿರ ಹಿಡಿದರೆ ಸಾಕು, ಚಾಮರಾಜಪುರಂನ ಅಜ್ಜಿ ಮನೆಯ ಹಜಾರ ಹಾಗೇ ಎದ್ದು ಬರುತ್ತದೆ. ಆ ಮನೆ ಈಗ ಇಲ್ಲ.

ಅಪ್ಪನಿಗೆ ವರ್ಗಾವಣೆಯ ಕೆಲಸವಾದ್ದರಿಂದ ನನ್ನನ್ನು ಓದಿಗೆಂದು ಅಲ್ಲಿ ಬಿಟ್ಟಿದ್ದರು. ಕೆಂಪು ಗಾರೆಯ ನೆಲ, ಹಜಾರದಲ್ಲಿ ಗೋಡೆಗೆ ಮುಖ ಮಾಡಿ ಎಂಟು ಟೈಪ್‌ರೈಟರು, ಒಳಗೆ ನಡುಮನೆ, ಅದರಾಚೆ ಅಡುಗೆಮನೆ. ಮಾವ ಮದುವೆಯಾಗಲಿಲ್ಲ, ಹಜಾರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿಕೊಂಡು ಅಜ್ಜಿಯ ಜೊತೆ ಇದ್ದ. ಬೆಳಿಗ್ಗೆ ಆರೂವರೆಗೆ ಮೊದಲ ಬ್ಯಾಚು ಬಂದು ಕೂತರೆ ಟಕಟಕ ಶುರು. ನಿಮ್ಮಲ್ಲಿ ಆ ಕಾಲದಲ್ಲಿ ಟೈಪಿಂಗ್ ಕಲಿತವರಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ: ರಿಬ್ಬನ್ನಿನ ಮಸಿ, ಮಿಷನ್ ಎಣ್ಣೆ, ಸಾಲು ಮುಗಿಯುತ್ತ ಬಂದಾಗ ಟಿಂಗ್ ಎಂದು ಹೊಡೆದುಕೊಳ್ಳುವ ಪುಟ್ಟ ಗಂಟೆ. ಅದರ ನಡುವೆಯೇ ಅಜ್ಜಿ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಒಗ್ಗರಣೆ ಹಾಕುತ್ತ ಹಾಡಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಹಸೆಯ ಹಾಡಿಗೆ, ಆರತಿಯ ಹಾಡಿಗೆ ಅವಳೇ ಬೇಕಿತ್ತು. ನಾನು ಆ ಎರಡು ಸದ್ದುಗಳ ಮಧ್ಯೆ ಕೂತು ಮಗ್ಗಿ ಬಾಯಿಪಾಠ ಮಾಡಿದವಳು.

ಮಾವನಿಗೆ ಜಾಝ್ ಹುಚ್ಚು ಹಿಡಿಸಿದವರು ಜಯಲಕ್ಷ್ಮಿಪುರಂನ ಜೋಸೆಫ್ ಅಂಕಲ್. ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ನಿವೃತ್ತರಾದವರು, ಭಾನುವಾರ ತಪ್ಪದೆ ಬರುತ್ತಿದ್ದರು. ಇಬ್ಬರೂ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿ ರೆಕಾರ್ಡು ಹುಡುಕಿ ತರುತ್ತಿದ್ದರು. ಎಲ್ಲರಿಗೂ ಗೊತ್ತಿರುವ ದೊಡ್ಡ ಹೆಸರುಗಳೆಂದರೆ ಮಾವನಿಗೆ ತಾತ್ಸಾರ. ಯಾರೂ ಕೇಳದವನು, ಕಂಪನಿಯೇ ಮರೆತವನು ಸಿಕ್ಕಿದರೆ ಅವನಿಗೆ ಹಬ್ಬ. ಹೀಗಿರುವಾಗ ಒಂದು ಭಾನುವಾರ ಜೋಸೆಫರ ತಮ್ಮ, ರಜಕ್ಕೆಂದು ಮುಂಬಯಿಯಿಂದ ಬಂದಿದ್ದವರು, ವಾಪಸು ಹೋಗುವ ದಿನ ಒಂದು ರೆಕಾರ್ಡನ್ನು ಕಂಕುಳಲ್ಲಿಟ್ಟುಕೊಂಡು ಅಣ್ಣನ ಜೊತೆ ಬಂದರು. ಊದಿದವನ ಹೆಸರು ಹೇಳಿದರೂ ನಿಮಗೆ ತಿಳಿಯಲಿಕ್ಕಿಲ್ಲ. ಅದೇ ಮಾವನ ಜೀವಮಾನದ ದುಃಖ. “ಒಂದೇ ಒಂದು ರೆಕಾರ್ಡ್ ಮಾಡ್ದ ಕಣೇ ಪಾಪ, ಅದೂ ಯಾರಿಗೂ ಬೇಡ್ವಾಯ್ತು,” ಎಂದು ತನ್ನ ಒಡಹುಟ್ಟಿದವನ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದ.

ರೈಲಿಗೆ ಇನ್ನೊಂದು ಗಂಟೆಯಿತ್ತು. ಅಂಗಡಿಗಳು ಮುಚ್ಚಿದ್ದವು. ರೆಕಾರ್ಡನ್ನು ಟೇಪಿಗೆ ಇಳಿಸಿಕೊಳ್ಳೋಣವೆಂದರೆ ಮನೆಯಲ್ಲಿದ್ದದ್ದು ಒಂದೇ ಕ್ಯಾಸೆಟ್ಟು, ಅದರ ಒಂದು ಬದಿಯಲ್ಲಿ ಅಜ್ಜಿ ಹಾಡಿದ ಆರತಿಯ ಹಾಡುಗಳಿದ್ದವು. ಖಾಲಿ ಬದಿಗೆ ನಲವತ್ತೈದು ನಿಮಿಷ ಹಿಡಿಯುತ್ತದೆ, ರೆಕಾರ್ಡಿನ ಎರಡೂ ಮುಖ ಸೇರಿದರೆ ಅದಕ್ಕಿಂತ ಒಂದೆರಡು ನಿಮಿಷ ಹೆಚ್ಚು. “ಅಮ್ಮನ ಹಾಡು ಅಳಿಸಿದ್ರೆ ಪೂರ್ತಿ ಹಿಡಿಸುತ್ತೆ ಕಣ್ರೀ ಮೇಷ್ಟ್ರೇ. ಅಮ್ಮ ಇಲ್ಲೇ ಅವ್ರಲ್ಲ, ಮತ್ತೆ ಹಾಡ್ತಾರೆ,” ಎಂದರು ಜೋಸೆಫ್. ಮಾವ ಅಡುಗೆಮನೆಯ ಕಡೆ ಒಂದು ಸಲ ನೋಡಿ, “ಅದೊಂದ್ ಆಗಲ್ಲ,” ಅಂದ. ಕೊನೆಯ ಹಾಡು ಮುಗಿಯುವುದಕ್ಕೆ ಮೊದಲೇ ಟೇಪು ಟಕ್ಕೆಂದು ನಿಂತಿತು, ಅದೇ ಹೊತ್ತಿಗೆ ಹೊರಗೆ ಆಟೋದವನು ಹಾರ್ನ್ ಹೊಡೆದ. ಜೋಸೆಫರ ತಮ್ಮ ಮುಳ್ಳು ಎತ್ತಿ, ರೆಕಾರ್ಡನ್ನು ಕವರಿಗೆ ತುರುಕಿ ಓಡಿದರು. ಉಳಿದದ್ದನ್ನು ಊರಿಗೆ ಹೋಗಿ ಕೇಳಿ ಬರೆಯುತ್ತೇನೆ ಅಂದವರು, ಆರು ತಿಂಗಳ ಮೇಲೆ ಅದನ್ನು ಯಾರಿಗೋ ಕೊಟ್ಟುಬಿಟ್ಟೆ ಎಂದು ಕಾಗದ ಹಾಕಿದರು. ಹಾಗಾಗಿ ಆ ಹಾಡು ಹೇಗೆ ಮುಗಿಯುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಎಂಥ ಹಾಡು ಅದು! ತುಂಬ ದಣಿದವರು ಮೆಟ್ಟಿಲ ಮೇಲೆ ಕೂತು, ದೂರು ಹೇಳದೆ, ಸುಮ್ಮನೆ ಮಾತಾಡಿದ ಹಾಗೆ ಸ್ಯಾಕ್ಸೊಫೋನ್ ನಡೆಯುತ್ತಿತ್ತು. ಇನ್ನೇನು ಮನಸ್ಸಿನಲ್ಲಿದ್ದದ್ದು ಹೇಳಿಬಿಡುತ್ತದೆ ಎನ್ನುವಷ್ಟರಲ್ಲಿ ಟಕ್. ಮೊದಮೊದಲು, “ಇದೇನೋ ಎಮ್ಮೆ ಕೂಗ್ದಂಗೆ,” ಎನ್ನುತ್ತಿದ್ದ ಅಜ್ಜಿಗೆ ಆ ಟಕ್ ಸಹಿಸಲಿಕ್ಕಾಗಲಿಲ್ಲ. “ಹಾಡ ಅರ್ಧಕ್ಕೆ ಬುಡಬಾರ್ದು ಕಣೋ, ಮನೆಗೆ ಒಳ್ಳೇದಲ್ಲ,” ಎಂದು, ಒಂದು ದಿನ ಟೇಪು ನಿಂತ ಕೂಡಲೇ, ಅದೇ ಶ್ರುತಿಯಲ್ಲಿ, ಆರತಿ ಎತ್ತಿ ಮುಗಿಸುವಾಗ ಹೇಳುವ ಹಾಗೆ ಇಳಿದು ಇಳಿದು ನಿಲ್ಲುವ ಒಂದು ಎಳೆಯನ್ನು ಹಾಡಿಬಿಟ್ಟಳು. ಮಾತಿಲ್ಲ, ಬರೀ ರಾಗ. ಕೈಯಲ್ಲಿ ಸೌಟಿತ್ತು. ಜೋಸೆಫ್ ಅಂಕಲ್ ಕಾಫಿ ಲೋಟ ಕೆಳಗಿಟ್ಟು, “ಮೇಷ್ಟ್ರೇ, ಅಮ್ಮ ಎಲ್ಲಿಗೆ ಇಳ್ಸುದ್ರು ನೋಡಿದ್ರಾ?” ಎಂದು ಬೆರಗಾಗಿ ಕೇಳಿದರು. ಅಲ್ಲಿಂದಾಚೆ ಆ ಹಾಡು ನಮ್ಮ ಮನೆಯಲ್ಲಿ ಮುಗಿಯುತ್ತಿದ್ದದ್ದೇ ಹಾಗೆ. ಆದರೂ ಮಾವನಿಗೆ ನಿಜವಾದ ಕೊನೆ ಕೇಳಬೇಕು. ರೆಕಾರ್ಡನ್ನು ಕಂಪನಿಯವರು ಮತ್ತೊಮ್ಮೆ ಹೊರತಂದರಷ್ಟೇ ಅದು ಸಾಧ್ಯ.

ಅದಕ್ಕೆ ಅವನು ಹಿಡಿದ ದಾರಿ ಮೈಸೂರಿನ ಟೈಪಿಂಗ್ ಮೇಷ್ಟ್ರಿಗೆ ಮಾತ್ರ ಹೊಳೆಯುವಂಥದ್ದು. ಜೂನಿಯರ್ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಕಾಗದ ಹೊಡೆಯುವ ಅಭ್ಯಾಸವಿರುತ್ತದಲ್ಲ, ಪುಸ್ತಕದಲ್ಲಿ ಕೊಟ್ಟ ಸಿಮೆಂಟ್ ಮೂಟೆಯ ಕಾಗದದ ಬದಲು ಮಾವ ತನ್ನದೇ ಒಂದು ಕಾಗದ ಬರೆದುಕೊಟ್ಟ. ವಿಷಯ: ಈ ಹೆಸರಿನ ರೆಕಾರ್ಡನ್ನು ಮರುಬಿಡುಗಡೆ ಮಾಡಲು ಕೋರಿ. ಉಲ್ಲೇಖ: ನಮ್ಮ ಹಿಂದಿನ ಪತ್ರ. ಕೊನೆಗೆ ‘ಥ್ಯಾಂಕಿಂಗ್ ಯೂ ಇನ್ ಆಂಟಿಸಿಪೇಷನ್’. ತಪ್ಪಿಲ್ಲದೆ ಹೊಡೆದವರ ಕಾಗದ ಅವರದೇ ರುಜುವಿನೊಂದಿಗೆ ನೀಲಿ ಏರೋಗ್ರಾಂನಲ್ಲಿ ಸಮುದ್ರದಾಚೆಯ ಆ ಕಂಪನಿಗೆ ಹೋಗುತ್ತಿತ್ತು. ಮೊದಲ ಸಾಲೇ ‘ಈ ರೆಕಾರ್ಡನ್ನು ನಾನು ಕೇಳಿ ಆನಂದಿಸಿದ್ದೇನೆ’. ಒಬ್ಬ ಹುಡುಗಿ, “ನಾನ್ ಕೇಳೇ ಇಲ್ವಲ್ಲ ಸಾರ್,” ಅಂದದ್ದು ಒಳಗೆ ಕೇಳಿಸಿತು. “ಮಕ್ಕಳ ಕೈಲಿ ಸುಳ್ ಬರೆಸ್ಬೇಡ ಕಣೋ,” ಎಂದು ಅಜ್ಜಿ ಗದರಿದಳು. ಆಮೇಲೆ ಶನಿವಾರ ಶನಿವಾರ ಇಡೀ ಬ್ಯಾಚು ಚಾಪೆಯ ಮೇಲೆ ಕೂತು ಕ್ಯಾಸೆಟ್ಟು ಕೇಳುವುದು, ಅಜ್ಜಿ ಮುಗಿಸುವುದು, ಸೋಮವಾರ ಕಾಗದ ಹೊಡೆಯುವುದು. ಇವತ್ತಿಗೂ ಚಾಮರಾಜಪುರಂ ಕಡೆಯ ಎಷ್ಟೋ ಗುಮಾಸ್ತರಿಗೆ, ಬ್ಯಾಂಕಿನವರಿಗೆ ಆ ಕಾಗದ ಕಣ್ಣು ಮುಚ್ಚಿದರೂ ಬೆರಳಿಗೆ ಬರುತ್ತದೆ. ಆಂಟಿಸಿಪೇಷನ್ ಅಂದರೇನು ಎಂದು ನಾನು ಕೇಳಿದ್ದೆ. “ಆಗೋಕೆ ಮುಂಚೇನೇ ಥ್ಯಾಂಕ್ಸ್ ಹೇಳ್ಬುಡೋದು. ಪಾಪ, ಆಮೇಲೆ ಅವರಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ,” ಅಂದ.

ನನಗೆ ಹನ್ನೊಂದು ವರ್ಷವಿರಬೇಕು. ಒಂದು ಬೆಳಿಗ್ಗೆ ಮಾವ ಹೊಸ ಹುಡುಗನಿಗೆ ತೋರಿಸಿಕೊಡಲು ತಾನೇ ಕೂತು ಹೊಡೆಯುತ್ತಿದ್ದ. ಸಾಲಿನ ಕೊನೆಗೆ ಟಿಂಗ್ ಎಂದಿತು. ಮಾವ ನಿಲ್ಲಿಸಲಿಲ್ಲ. ಅಕ್ಷರಗಳೆಲ್ಲ ಅಂಚಿನಲ್ಲಿ ಒಂದರ ಮೇಲೊಂದು ಬಿದ್ದು ಕಪ್ಪು ಮುದ್ದೆಯಾದವು. “ಮಾವ, ಗಂಟೆ ಹೊಡೀತು,” ಅಂದೆ. “ಎಲ್ಲಿ? ಈ ಮಿಷನ್ ಗಂಟೆ ಕೆಟ್ಟೋಗದೆ,” ಎಂದು ಪಕ್ಕದ ಮಿಷನ್ನಿಗೆ ಹೋದ. ಅಲ್ಲಿಂದ ಅದರ ಪಕ್ಕದ್ದಕ್ಕೆ. ಎಂಟೂ ಮಿಷನ್ನಿನಲ್ಲಿ ಹೊಡೆದು ನೋಡಿದ. ಎಂಟೂ ಗಂಟೆ ಹೊಡೆದುಕೊಂಡವು, ಹಜಾರದ ಹುಡುಗರಿಗೆಲ್ಲ ಕೇಳಿಸಿತು. ಎಂಟನೆಯದರ ಮುಂದೆ ಅವನು ಕೈ ಕಟ್ಟಿಕೊಂಡು ಕೂತುಬಿಟ್ಟ. ನರದ ತೊಂದರೆ, ಸಣ್ಣ ಸದ್ದು ಮೊದಲು ಹೋಗಿದೆ, ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿದರು.

ಅಜ್ಜಿ ಎರಡು ದಿನ ಹಾಡಲಿಲ್ಲ. ಮೂರನೆಯ ದಿನ ಹಜಾರಕ್ಕೆ ಬಂದು, ಎಂದೂ ಬ್ಯಾಚಿನ ಎದುರು ನಿಲ್ಲದವಳು ನಿಂತು, “ಅವನ ಕಿವಿ ಹೋಗೋದ್ರೊಳಗೆ ಆ ಹಾಡು ಬರ್ಬೇಕು. ಒಬ್ಬೊಬ್ರು ಎರಡೆರಡು ಹೊಡೀರಿ ಕಣ್ರಪ್ಪಾ,” ಅಂದಳು. ಮಕ್ಕಳು ಹೊಡೆದರು. ನಾನೂ ಮುಂದೆ ದೊಡ್ಡವಳಾಗಿ ಹೊಡೆದೆ. ಒಂದೇ ಒಂದು ಸಲ ಉತ್ತರ ಬಂತು. ಮೈಸೂರಿನ ಜಾಝ್ ಸಂಘದ ಸದಸ್ಯರೆಲ್ಲರಿಗೂ ವಂದನೆ, ಮೂಲ ಟೇಪು ಎಲ್ಲಿದೆಯೋ ತಿಳಿಯದು, ಸಿಕ್ಕರೆ ಪರಿಶೀಲಿಸುತ್ತೇವೆ ಎಂದಿತ್ತು. ಇಲ್ಲದ ಸಂಘವೊಂದು ನಮ್ಮ ಹಜಾರದಲ್ಲಿ ಹುಟ್ಟಿದ್ದಕ್ಕೆ ಜೋಸೆಫ್ ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾವ ನಗಲಿಲ್ಲ, ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ.

ಆಮೇಲಿನದು ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಅಜ್ಜಿ ಹೋದಳು. ಕಂಪ್ಯೂಟರ್ ಬಂದು ಎಂಟು ಮಿಷನ್ನುಗಳೂ ಗುಜರಿಯವನ ಗಾಡಿ ಹತ್ತಿದವು. ಜೋಸೆಫ್ ಅಂಕಲ್ ಹೋದರು. ಮನೆ ಪಾಲಾಯಿತು, ಮಾರಿದ್ದಾಯಿತು. ಈಗ ಅಲ್ಲಿ ಗಾಜಿನ ಬಾಗಿಲಿನ ಬಟ್ಟೆ ಅಂಗಡಿಯಿದೆ, ನಾನು ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ. ಕ್ಯಾಸೆಟ್ಟನ್ನು ಒಂದು ದಿನ ಟೇಪ್‌ರೆಕಾರ್ಡರು ಅಗಿದು ಉಗುಳಿತು. ಒಂದೇ ಟೇಪಿನ ಪಟ್ಟಿ, ಎರಡು ಬದಿ. ಸ್ಯಾಕ್ಸೊಫೋನಿನ ಜೊತೆ ಅಜ್ಜಿಯ ಧ್ವನಿಯೂ ಹೋಯಿತು. ಆಗ ನಾನು ಅತ್ತಷ್ಟು ಅಜ್ಜಿ ಸತ್ತ ದಿನವೂ ಅತ್ತಿರಲಿಲ್ಲ.

ಮಾವ ಬೋಗಾದಿಯ ನಮ್ಮ ಮನೆಗೆ ಬಂದು ಇದ್ದ. ಅಷ್ಟರಲ್ಲಿ ಕಿವಿ ಪೂರ್ತಿ ಹೋಗಿತ್ತು. ನಾವು ಹೇಳುವುದನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದೆವು, ಅವನು ತನ್ನ ಧ್ವನಿ ತನಗೇ ಕೇಳದೆ ಬೀದಿಗೆಲ್ಲ ಕೇಳುವಂತೆ ಉತ್ತರ ಕೊಡುತ್ತಿದ್ದ. ಫೋನಿನಲ್ಲಿ ನಾನೊಂದು ಗುಂಪು ಸೇರಿದ್ದೆ. ಮರೆತುಹೋದ ಜಾಝ್ ಆಲ್ಬಂಗಳು ಮತ್ತೆ ಬರಲಿ ಎಂದು ಕಾಯುವವರ ಗುಂಪು. ಕೋಲ್ಕತ್ತಾದವರೊಬ್ಬರು, ಜಪಾನಿನವರೊಬ್ಬರು, ಎಲ್ಲೆಲ್ಲಿಯವರೋ, ಒಬ್ಬೊಬ್ಬರಿಗೂ ಒಂದೊಂದು ರೆಕಾರ್ಡಿನ ಚಿಂತೆ. ತಿಂಗಳಿಗೊಮ್ಮೆ ಮಾವ ಪಕ್ಕದಲ್ಲಿ ಕೂತು ನನ್ನಿಂದ ಬರೆಸುತ್ತಿದ್ದ: ನಮ್ಮದರ ಸುದ್ದಿ ಏನಾದರೂ ಇದೆಯೇ? ಕಿವಿ ಕೇಳದವನಿಗೆ ಯಾಕೆ ಈ ಹಟ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳುವಷ್ಟು ಕಲ್ಲುಮನಸ್ಸು ನನ್ನದಲ್ಲ.

ಹೋದ ವರ್ಷದ ಹಿಂದಿನ ವರ್ಷ ಸುದ್ದಿ ಬಂತು. ಮೂಲ ಟೇಪು ಯಾವುದೋ ಗೋದಾಮಿನಲ್ಲಿ ಸಿಕ್ಕಿ, ರೆಕಾರ್ಡು ಮತ್ತೆ ಹೊರಬಂದಿತ್ತಂತೆ. ಪೆಟ್ಟಿಗೆ ಮನೆಗೆ ಬಂದ ದಿನ ಮಾವ ಸ್ನಾನ ಮಾಡಿ, ರೆಕಾರ್ಡನ್ನು ದೇವರಗೂಡಿನಲ್ಲಿಟ್ಟು ವಿಭೂತಿ ಹಚ್ಚಿದ. ಜೊತೆಗಿದ್ದ ಸಣ್ಣ ಪುಸ್ತಕದ ಕೊನೆಯ ಪುಟದಲ್ಲಿ, ವರ್ಷಗಟ್ಟಲೆ ನಮಗೆ ಕಾಗದ ಬರೆದ ಮೈಸೂರಿನ ಕೇಳುಗರಿಗೆ ಕೃತಜ್ಞತೆ ಎಂದು ಒಂದು ಸಾಲಿತ್ತು. ಮಾವ ಅದನ್ನು ಮೂರು ಸಲ ಓದಿದ. “ಒಂದ್ ತಪ್ಪೂ ಇಲ್ದಂಗೆ ಹೊಡ್ದವ್ರೆ ಕಣೇ,” ಎಂದು ಕೂಗಿ ಹೇಳಿ ಕಣ್ಣೊರೆಸಿಕೊಂಡ.

ಕೊನೆಯ ಹಾಡಿಗೆ ಮುಳ್ಳು ಇಟ್ಟೆ. ಮಾವ ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತು ಅದರ ಮರದ ಮೈಗೆ ಅಂಗೈ ಒತ್ತಿ ಕಣ್ಣು ಮುಚ್ಚಿದ. ಕೈಗೆ ಅದರ ಕಂಪನ ಸಿಕ್ಕಿರಬೇಕು, ಬೆರಳುಗಳು ತಾಳಕ್ಕೆ ಸರಿಯಾಗಿ ಅಲುಗಿದವು. ಕ್ಯಾಸೆಟ್ಟು ಟಕ್ಕೆನ್ನುತ್ತಿದ್ದ ಜಾಗ ಬಂತು, ದಾಟಿತು. ಇಷ್ಟು ವರ್ಷ ಕಾದ ಎರಡು ನಿಮಿಷ. ಸ್ಯಾಕ್ಸೊಫೋನ್ ಅದೇ ಮಾತನ್ನು ಮತ್ತೆ ಹೇಳಿತು, ಇನ್ನೊಮ್ಮೆ ಹೇಳಿತು, ಆಮೇಲೆ ಸದ್ದು ಸಣ್ಣಗಾಗತೊಡಗಿತು. ಆಗ ನನಗೆ ಗೊತ್ತಾಯಿತು: ಈ ಹಾಡಿಗೆ ಕೊನೆಯೇ ಇಲ್ಲ. ಅವನು ಊದುತ್ತಲೇ ಇದ್ದಾನೆ, ರೆಕಾರ್ಡು ಮಾಡಿದವರು ಮೆಲ್ಲಗೆ ಸದ್ದು ಇಳಿಸುತ್ತ ಹೋಗಿದ್ದಾರೆ, ಅಷ್ಟೇ. ಇದನ್ನು ನೋಟ್‌ಬುಕ್ಕಿನಲ್ಲಿ ಹೇಗೆ ಬರೆಯಲಿ?

ಬರೆಯುವ ಪ್ರಮೇಯವೇ ಬರಲಿಲ್ಲ. ನನ್ನ ಕಿವಿಗಿಂತ ಮೊದಲೇ ಅವನ ಅಂಗೈಗೆ ಸದ್ದು ತಪ್ಪಿಹೋಗಿತ್ತು. ಸ್ಯಾಕ್ಸೊಫೋನ್ ದೂರದಲ್ಲೆಲ್ಲೋ ಇನ್ನೂ ಕೇಳುತ್ತಿರುವಾಗಲೇ, ಮಾವ ಕಣ್ಣು ಮುಚ್ಚಿಕೊಂಡೇ, ಒಡೆದ, ಗಟ್ಟಿಯಾದ, ಶ್ರುತಿ ತಪ್ಪಿದ ಧ್ವನಿಯಲ್ಲಿ ಅಜ್ಜಿಯ ಎಳೆಯನ್ನು ಎತ್ತಿಕೊಂಡ. ಇಳಿದು ಇಳಿದು, ಆರತಿ ಮುಗಿಯುವಲ್ಲಿಗೆ ತಂದು ನಿಲ್ಲಿಸಿದ. ಅಷ್ಟು ವರ್ಷ ಟಕ್ಕಿನ ಆಚೆಗೊಂದು ಈಚೆಗೊಂದು ಇದ್ದ ಸ್ಯಾಕ್ಸೊಫೋನೂ ಅಜ್ಜಿಯ ಎಳೆಯೂ ಅವತ್ತು ಮೊದಲ ಸಲ ಒಟ್ಟಿಗೆ ಕೇಳಿಸಿದವು. ಆಮೇಲೆ ಅಂಗೈ ತೆಗೆದು, “ಮುಗೀತು,” ಅಂದ. ನಿಜವಾದ ಕೊನೆ ಹೇಗಿತ್ತು ಎಂದು ಕೇಳಲೇ ಇಲ್ಲ, ನಾನೂ ಹೇಳಲಿಲ್ಲ.

ಮಾವ ಹೋಗಿ ಈಗ ಎಂಟು ತಿಂಗಳು. ಆ ಎಳೆಯನ್ನು ಬಲ್ಲವಳು ಈ ಮನೆಯಲ್ಲಿ ನಾನೊಬ್ಬಳೇ. ಕೆಲವು ಸಂಜೆ ಮೂರು ಗೆರೆಯ ಕವರು ತೆಗೆದು ಕೊನೆಯ ಹಾಡು ಹಾಕುತ್ತೇನೆ. ಸದ್ದು ಸಣ್ಣಗಾಗುತ್ತ ಬರುತ್ತದೆ. ನನಗೆ ಶ್ರುತಿ ಸೇರುವುದಿಲ್ಲ, ಅಜ್ಜಿಯ ಕಂಠದ ಕಾಲು ಪಾಲೂ ನನಗೆ ಬಂದಿಲ್ಲ. ಆದರೂ ಹಾಡನ್ನು ಅರ್ಧಕ್ಕೆ ಬಿಡಬಾರದಲ್ಲ, ಹಾಡುತ್ತೇನೆ.