ಬರಿದಾಗಿ ಹೋಗದ ಪೆಟ್ಟಿಗೆ

ಬೆಳಿಗ್ಗೆ ಕಾಫಿ ಹಿಡಿದು ಕೂತರೆ ಮೇಜಿನ ಮೇಲಿಂದ ಬೆಲ್ಲದ ವಾಸನೆ. ಬೆಲ್ಲ ಮುಗಿದು ವಾರವಾಯಿತು. ಅದನ್ನು ಹೊತ್ತು ಬಂದ ಪೆಟ್ಟಿಗೆ ಮಾತ್ರ ಇನ್ನೂ ಘಮ್ಮೆನ್ನುತ್ತಿದೆ. ಅಂಗೈಯಗಲದ ಪೆಟ್ಟಿಗೆ, ಒಣಗಿದ ಕಬ್ಬಿನ ಸೋಗೆಯಲ್ಲಿ ಹೆಣೆದದ್ದು. ಅಂಟಿಲ್ಲ, ದಾರವಿಲ್ಲ. ಮುಚ್ಚಳದ ತುದಿಯನ್ನು ಪಕ್ಕದ ಸೀಳಿಗೆ ತೂರಿಸಿದರೆ ಮುಗಿಯಿತು. ಮಳವಳ್ಳಿಯಿಂದ ಜಯಾ ಕಳಿಸಿದ್ದು. ಇಂಥದ್ದನ್ನು ನೀವು ಯಾವ ಅಂಗಡಿಯಲ್ಲೂ ಕಂಡಿರಲಾರಿರಿ, ಏಕೆಂದರೆ ಇದು ಯಾವತ್ತೂ ಮಾರಾಟಕ್ಕೆ ಬರಲೇ ಇಲ್ಲ.

ಜಯಾ, ನಾನು ಒಂದೇ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು. ನಾನು ಕನ್ನಡ, ಅವಳು ಚಿತ್ರಕಲೆ. ಚಿತ್ರಕಲೆಯ ಮೇಷ್ಟರ ಪಾಡು ನಿಮಗೆ ಗೊತ್ತಲ್ಲ, ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರು ಬಂದು ಆ ಪೀರಿಯಡ್ಡನ್ನು ಕಿತ್ತುಕೊಳ್ಳುತ್ತಾರೆ. ಹಾಗೆ ಸಿಕ್ಕ ಬಿಡುವಿನಲ್ಲಿ ಅವಳು ಸ್ಟಾಫ್ ರೂಮಿನ ಮೂಲೆಯಲ್ಲಿ ಸೋಗೆ ಮಡಚುತ್ತ ಕೂರುತ್ತಿದ್ದಳು. ನಮ್ಮೆಲ್ಲರ ಮೊಸರನ್ನದಲ್ಲೂ ಅದರ ಚೂರುಗಳು ಸಿಗುತ್ತಿದ್ದವು.

ಪೆಟ್ಟಿಗೆಯನ್ನು ಮದ್ದೂರಿನ ಬೆಲ್ಲದಂಗಡಿಗಳಿಗೂ ಒಯ್ದು ತೋರಿಸಿದಳು. "ಚೆನ್ನಾಗದೆ ಮೇಡಂ, ಒಳಗಿರೋ ಬೆಲ್ಲನೇ ಕಾಣಾಕಿಲ್ವಲ್ಲ" ಎಂದು ಅವರು ಪ್ಲಾಸ್ಟಿಕ್ ಕವರಿಗೇ ನಿಷ್ಠರಾಗಿ ಉಳಿದರು. ಮನೆಯಲ್ಲಿ ಅವಳ ಅತ್ತೆ ಪುಟ್ಟತಾಯಮ್ಮನವರದು ಇನ್ನೂ ನೇರವಾದ ಅಭಿಪ್ರಾಯ. ನನಗೆ ಕಾಫಿ ಕೊಡುತ್ತಾ ಸೊಸೆಯ ಎದುರೇ ಹೇಳಿದ್ದರು: "ದನ ತಿನ್ನೋದ್ರಲ್ಲಿ ಪೆಟ್ಗೆ ಮಾಡ್ತಾ ಕೂತವ್ಳೆ ಕಣಮ್ಮ. ಕೊಟ್ಗೇಲಿರೋ ಅಸ ನೋಡುದ್ರೆ ನಗ್ತದೆ."

ಬೆಂಗಳೂರಿನ ಒಂದು ವಿನ್ಯಾಸ ಪ್ರಶಸ್ತಿಯ ಸುದ್ದಿ ನನ್ನ ಮೊಬೈಲಿಗೆ ಬಂದದ್ದು ಆಗ. ಇನ್ನೂ ಮಾರುಕಟ್ಟೆ ಕಾಣದ ವಸ್ತುಗಳಿಗೇ ಒಂದು ವಿಭಾಗವಿತ್ತು. "ಯಾರೂ ಕೊಳ್ಳದೇ ಇರೋದೇ ಅರ್ಹತೆ ಕಣೇ, ನಿನ್ನನ್ನ ಬಿಟ್ಟರೆ ಇನ್ಯಾರಿದ್ದಾರೆ!" ಎಂದೆ. ವಿವರಣೆ ಬರೆಯುವ ಹೊಣೆಯನ್ನು ನಾನೇ ಹೊತ್ತೆ. ಭೂತಾಯಿಯ ಮಡಿಲಿನಿಂದ ಶುರುಮಾಡಿ ಒಂದು ಪುಟ ತುಂಬಿಸಿದೆ. ಜಯಾ ಓದಿ, "ಅಕ್ಕ, ಇದ್ರಲ್ಲಿ ಪೆಟ್ಟಿಗೆ ಎಲ್ಲಿ ಬಂತು?" ಎಂದು ಕೇಳಿ, ತಾನೇ ಎರಡು ಸಾಲು ಬರೆದಳು. ಮೂವತ್ತು ವರ್ಷ ಕನ್ನಡ ಕಲಿಸಿದ ನನ್ನ ಶೈಲಿಗೆ ಸಿಕ್ಕ ವಿಮರ್ಶೆ ಅದು.

ಫೋಟೋ ನೋಡಿ ಆರಿಸಿದರು. ಪೆಟ್ಟಿಗೆಯನ್ನೇ ಕಳಿಸಿ, ಆದರೆ ಬಳಸಿರಬಾರದು, ಖಾಲಿ ಇರಬೇಕು ಎಂದರು. ಆ ಬೇಸಿಗೆ ರಜೆಯೆಲ್ಲ ಅವಳು ಮಾಡಿದ್ದನ್ನು ಬಿಚ್ಚುತ್ತ, ಮತ್ತೆ ಹೆಣೆಯುತ್ತ ಕಳೆದಳು. "ಬಹುಮಾನ ಬರ್ದಿದ್ರೂ ಬುಡಕ್ಕ. ಕಸುಬು ಗೊತ್ತಿರೋರು ನಾಕು ಜನ ಕೈಲಿ ಹಿಡ್ದು, ಇದು ಪೆಟ್ಟಿಗೆ ಅನ್ಬೇಕು. ಅಷ್ಟೇ" ಎನ್ನುತ್ತಿದ್ದಳು.

ಕೊರಿಯರ್ ಹೋಗಿ ಕೆಲವು ದಿನಗಳ ಮೇಲೆ ಪ್ರಶಸ್ತಿಯ ಕಚೇರಿಯಿಂದ ಜಯಾಳಿಗೆ ಫೋನು ಬಂತು. ನಾನು ಅವಳ ಮನೆಯಲ್ಲೇ ಇದ್ದೆ; ಇನ್ನೊಬ್ಬರ ಫೋನಿಗೆ ಕಿವಿ ಕೊಡುವ ನನ್ನ ಚಟದಿಂದ ಎಲ್ಲವೂ ಕೇಳಿಸಿತು. "ಮೇಡಂ, ಪೆಟ್ಟಿಗೆಯೊಳಗೆ ಒಂದು ಅಚ್ಚು ಬೆಲ್ಲ ಇದೆ. ಹೀಗಿದ್ದರೆ ಬಳಸಿದ ವಸ್ತು ಅಂತಾಗಿಬಿಡುತ್ತೆ. ತೀರ್ಪುಗಾರರು ಬರೋ ಮೊದಲು ನಾನೇ ತೆಗೆದುಬಿಡ್ತೀನಿ, ಬೆಲ್ಲ ಕಳಿಸಿರಲಿಲ್ಲ ಅಂತ ನೀವು ಒಂದು ಮಾತು ಹೇಳಿ" ಎಂದಿತು ಆ ಕಡೆಯ ದನಿ. ಪಾಪ, ಒಳ್ಳೆಯ ಮನುಷ್ಯ.

ಜಯಾ ಫೋನಿಗೆ ಅಂಗೈ ಮುಚ್ಚಿ ಬಾಗಿಲ ಕಡೆ ತಿರುಗಿದಳು. "ಅತ್ತೆ, ಪೆಟ್ಟಿಗೆಗೆ ಬೆಲ್ಲ ಹಾಕಿದ್ರಾ?"

ಪುಟ್ಟತಾಯಮ್ಮ ಹುಣಸೆಹಣ್ಣು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಊಂ ಕಣವ್ವ. ಬರೀ ಪೆಟ್ಗೆಯ ಯಾರಾದ್ರೂ ಇನ್ನೊಬ್ರ ಮನೇಗೆ ಕಳುಸ್ತಾರಾ? ನೀನು ಮರ್ತಿದ್ದೆ. ಒಸ ಅಚ್ಚೇ ಆಕಿವ್ನಿ."

ಜಯಾ ಅತ್ತೆಯನ್ನೇ ನೋಡುತ್ತ ನಿಂತಳು. ನಾನು ಕಣ್ಣಲ್ಲಿ, ಕೈಯಲ್ಲಿ, ಹೂಂ ಅನ್ನು ಹೂಂ ಅನ್ನು ಎಂದು ಸನ್ನೆ ಮಾಡಿದೆ. ಅವಳು ಅಂಗೈ ತೆಗೆದು, "ಇಲ್ಲ ಸಾರ್, ನಾವೇ ಕಳಿಸಿದ್ದು. ನಿಯಮ ಇದ್ರೆ ಕೈಬಿಡಿ, ಬೇಜಾರಿಲ್ಲ. ಬೆಲ್ಲ ಎಲ್ರೂ ಹಂಚ್ಕೊಂಡು ತಿನ್ನಿ" ಎಂದು ಫೋನಿಟ್ಟಳು.

"ಏನಂತೆ?" ಎಂದರು ಪುಟ್ಟತಾಯಮ್ಮ.

"ಬೆಲ್ಲ ಭಾಳ ಚೆನ್ನಾಗದಂತೆ ಅತ್ತೆ."

ಬಸ್ ಸ್ಟ್ಯಾಂಡಿನವರೆಗೂ ನಾನು ಅವಳನ್ನು ಬೈದೆ. ಬೇಸಿಗೆಯಿಡೀ ಜೀವ ತೇಯ್ದದ್ದು ಒಂದು ಹೂಂ ಎನ್ನಲಾಗದೆ ಹಾಳಾಯಿತಲ್ಲ ಎಂದು ನನಗೆ ಅಳುವೇ ಬಂದಿತ್ತು. ಅವಳು ಕೊನೆಗೆ ಹೇಳಿದಳು: "ಇಷ್ಟು ವರ್ಷ ಅತ್ತೆ ದನದ ಮೇವು ಅಂತಿದ್ರು ಅಕ್ಕ. ಅದು ಪೆಟ್ಟಿಗೆ ಅಂತ ಅನ್ನಿಸಿದ್ದಕ್ಕೇ ಅಲ್ವಾ ಬೆಲ್ಲ ಹಾಕಿದ್ದು? ಅದನ್ನ ತಪ್ಪು ಅಂತ ನಾನು ಹೆಂಗನ್ನಲಿ?"

ಬಸ್ಸು ಬಂತು. ಅವತ್ತಿನಷ್ಟು ನಾನು ಯಾರನ್ನೂ ಮೆಚ್ಚಿಕೊಂಡಿಲ್ಲ.

ಪುಟ್ಟತಾಯಮ್ಮ ಈಗಿಲ್ಲ. ಬೆಲ್ಲ ತುಂಬಿದ ಪೆಟ್ಟಿಗೆ ಮಾತ್ರ ಪ್ರತಿ ಸಂಕ್ರಾಂತಿಗೂ ಮಂಡ್ಯದ ನನ್ನ ಮನೆಗೆ ಬರುತ್ತದೆ. ನಾನು ಊರವರ ಡಬ್ಬಿಗಳನ್ನೆಲ್ಲ ಫಳಫಳ ತೊಳೆದು ಬರಿದಾಗಿಯೇ ವಾಪಸು ಕೊಟ್ಟು, ಅದನ್ನೇ ಶಿಸ್ತು ಎಂದುಕೊಂಡು ಬಂದವಳು. ಇವತ್ತು ಮಳವಳ್ಳಿಗೆ ಹೊರಟಿದ್ದೇನೆ. ದಾರಿಯಲ್ಲಿ ಮದ್ದೂರು ವಡೆ ಕೊಂಡು ತುಂಬೋಣವೆಂದರೆ ಸೋಗೆಗೆ ಎಣ್ಣೆ ಹಿಡಿಯುತ್ತದೆ, ಜಯಾ ಬೈಯುತ್ತಾಳೆ. ಹಿತ್ತಲಿಗೆ ಹೋಗಿ ಎರಡು ನಿಂಬೆಹಣ್ಣು ಕಿತ್ತು ತಂದೆ. ಒಳಗಿಟ್ಟು, ಮುಚ್ಚಳದ ತುದಿಯನ್ನು ಸೀಳಿಗೆ ತೂರಿಸಿ, ಕೈಯಲ್ಲಿ ಎತ್ತಿ ನೋಡಿದೆ.

ಪೆಟ್ಟಿಗೆಯೇ.