ಈಸಲ್‌ನ ಮೂರು ಕಾಲಿಗೆ ಮೂರು ಗೂಟ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದೂ ಚಿತ್ರಕಲೆಯಲ್ಲಿ. ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಒಂದು ಸಲ ಮಾತ್ರ ಹೇಳಬಾರದಿತ್ತು ಅನ್ನಿಸಿದೆ.

ಹೊರಗೆ ಹೋಗಿ ಹೊಲ, ಗುಡ್ಡ ಬರೆಯಬೇಕೆಂದು ಕಾಗದದ ಹಲಗೆ ನಿಲ್ಲಿಸುವ ಈಸಲ್ ಕೊಳ್ಳಲು ಹುಬ್ಬಳ್ಳಿಯ ದೇಶಪಾಂಡೆ ನಗರದ ಅಂಗಡಿಗೆ ಹೋದೆ. ಕಟ್ಟಿಗೆಯದು ಗಾಳಿಗೆ ಅಲುಗುವುದಿಲ್ಲ, ಆದರೆ ಹೊತ್ತುಕೊಂಡು ಬಸ್ ಹತ್ತುವುದು ನನ್ನಿಂದಾಗದು. ಅಲ್ಯೂಮಿನಿಯಂನದು ಮಡಚಿದರೆ ಛತ್ರಿಯಷ್ಟು. ಮೂರು ಕಾಲು ಎಳೆದು ತಿರುಪು ಬಿಗಿದರೆ ಮುಗಿಯಿತು. ಅದನ್ನೇ ತಂದೆ.

ಧಾರವಾಡದಿಂದ ಬಸ್ಸಿನಲ್ಲಿ ಹೋಗಬಹುದಾದ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ. ಡಾಂಬರು ರಸ್ತೆಗೆ ಹತ್ತಿದ ಎರೆಹೊಲ, ಎದೆಮಟ್ಟದ ಬಿಳಿಜೋಳ, ಅಂಚಿಗೆ ಹಳದಿ ಕುಸುಬಿ. ಬದುವಿನ ಮೇಲೆ ಈಸಲ್ ನಿಲ್ಲಿಸಿದರೆ ಒಂದು ಕಾಲು ನೆಲದ ಬಿರುಕಿಗೆ ಇಳಿಯಿತು. ಬಿರುಕು ತಪ್ಪಿಸಿ ಮೂರೂ ಕಾಲು ಕೂರಿಸುವಷ್ಟರಲ್ಲಿ ಬಿಸಿಲೇರಿತ್ತು. ಚಿತ್ರ ಅರ್ಧಕ್ಕೆ ನಿಂತಿತು. ಮರುದಿನವೂ ಅದೇ ಜಾಗ ಸಿಗಬೇಕು. ಗೇಣು ಅತ್ತಿತ್ತಾದರೂ ಎದುರಿನ ಬೇವಿನ ಮರ ಬೇರೆ ಕಡೆ ಕಾಣುತ್ತದೆ. ಅದಕ್ಕೆ ಪ್ರತಿ ಕಾಲಿನ ಬುಡಕ್ಕೊಂದು ಜಾಲಿ ಗೂಟ ಬಡಿದೆ. ಹುಲ್ಲಿನಲ್ಲಿ ಕಣ್ಣಿಗೆ ಬೀಳಲೆಂದು ತುದಿಗೆ ಕೆಂಪು ಬಣ್ಣ ಬಳಿದೆ. ಬಹಳ ಶಾಣ್ಯಾತನ ಮಾಡಿದೆ ಅಂದುಕೊಂಡು ಬಸ್ ಹತ್ತಿದೆ.

ಮರುದಿನ ಗೂಟಗಳಿರಲಿಲ್ಲ. ಈಸಲ್ ಬಿಚ್ಚುತ್ತಿದ್ದಾಗ ಜೋಳದೊಳಗಿಂದ ಒಬ್ಬ ಮುದುಕಿ, ಹಿಂದೆ ಅವಳ ಮಗ ಬಂದರು. ಗೂಟಗಳು ಮುದುಕಿಯ ಉಡಿಯಲ್ಲಿದ್ದವು. ಮಗನ ಕೈಯಲ್ಲಿ ಕೊಡಲಿ.

"ರಸ್ತೆಕ್ಕ ಎಷ್ಟ ಹೋಗ್ತೈತಿ ನಮ್ಮ ಹೊಲಾ? ಹೇಳ್ರಿ ಬಾಯಾರ," ಅಂದ ಮಗ.

ನಾನು ಎರಡೂ ಕಡೆ ನೋಡಿದೆ. ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ.

"ಹೊಲಾ ಅಳ್ಯಾಕ ಬಂದಿಲ್ರಿ ಅಣ್ಣಾರ. ಚಿತ್ರ ತಗ್ಯಾಕ ಬಂದೇನಿ. ನಾ ಡಿಗ್ರಿ ಮಾಡೇನಿ."

"ಹಾಂ! ಡಿಗ್ರಿ ಮಾಡಿದಾವ್ರ ಬರ್ತಾರ ಅಳ್ಯಾಕ. ನಮ್ಮಂಥಾ ದಡ್ಡರು ಬರ್ತಾರೇನು?" ಎಂದು ಈಸಲ್‌ನ ಒಂದು ಕಾಲು ಹಿಡಿದ. "ಹೋದ ವರ್ಷ ಬಾಜೂ ಹೊಲದಾಗ ಇಂಥಾದ್ದ ಮೂರ ಕಾಲಿಂದು ನಿಂದ್ರಿಸಿ ಅಳದ್ರು. ಆಮ್ಯಾಲೆ ಕೆಂಪು ಗೂಟ. ಆಮ್ಯಾಲೆ ಜೆಸಿಬಿ."

ಅರ್ಧ ಚಿತ್ರ ತೋರಿಸೋಣವೆಂದು ಚೀಲಕ್ಕೆ ಕೈ ಹಾಕಿ ಕಾಗದ ಹೊರಗೆಳೆದೆ. ಕೊಡಲಿ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಯಾರೋ ಕೈಯಿಂದ ಕಾಗದ ಕಿತ್ತುಕೊಂಡರು.

"ಏ, ಇದು ನಮ್ಮ ಬೇವಿನ ಗಿಡಾ ಅಲ್ಲೇನೋ?" ಮುದುಕಿಯ ದನಿ. "ಕೊಡ್ಲಿ ಕೆಳಗಿಡು ಬಾಡ್ಯಾ. ಹುಡುಗಿ ಅಂಜಿ ಸಾಯಾಕತ್ತೈತಿ."

ಕಣ್ಣು ಬಿಟ್ಟೆ. ಅವಳು ಕಾಗದವನ್ನೂ ಬೇವಿನ ಮರವನ್ನೂ ತಿರುತಿರುಗಿ ನೋಡುತ್ತಿದ್ದಳು.

"ಕುಂತು ಮುಗಸವಾ. ನಾ ಇಲ್ಲೇ ನೋಡಕೋತ ಕುಂದರ್ತೇನಿ," ಅಂದಳು. ಗೂಟ ಮಾತ್ರ ಕೊಡಲಿಲ್ಲ. ಕೊಡಲಿಯ ಕಡೆಗೇ ಕಣ್ಣಿಟ್ಟು ಬರೆದದ್ದಕ್ಕೆ ಬದುವಿನ ಗೆರೆ ಡೊಂಕಾಯಿತು. ತಿದ್ದುವ ಧೈರ್ಯ ಬರಲಿಲ್ಲ.

ಮುಗಿದ ಮೇಲೆ ಕೇಳಿದಳು: "ಇದನ್ನ ಯಾರಿಗೆ ತೋರಸ್ತಿ?"

"ಪ್ರದರ್ಶನಕ್ಕ ಇಡ್ತೇನಿ, ಆಯಿ."

"ದೊಡ್ಡ ಮಂದಿ ಬರ್ತಾರೇನು?"

"ಬರ್ತಾರ."

"ಹಂಗಾರ ಊರ ಹೆಸರ ಬರೀಬ್ಯಾಡ, ತಂಗಿ. ಹೊಲಾ ಭಾಳ ಛಲೋ ಕಾಣಾಕತ್ತೈತಿ."

ಚಿತ್ರದ ಕೆಳಗೆ 'ಬೇವಿನ ಗಿಡ' ಎಂದಷ್ಟೇ ಬರೆದೆ. ಪ್ರದರ್ಶನದಲ್ಲಿ ಇಸ್ತ್ರಿ ಅಂಗಿಯವರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತರು.

"ರಸ್ತೆಗೆ ಹತ್ತಿದ ಹೊಲ. ಎಲ್ಲಿ ಬರ್ತೈತ್ರಿ ಇದು?"

ಮುದುಕಿಯ ಉಡಿಯಲ್ಲಿದ್ದ ಕೆಂಪು ಗೂಟಗಳು ನೆನಪಾದವು.

"ನೆನಪಿಲ್ರಿ," ಅಂದೆ.