ಕುದುರೆಯಿಲ್ಲದ ಜಟಕಾ

ಮದ್ದೂರಿನ ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಜಟಕಾ ಹೊಡೆಯುತ್ತಿದ್ದ ಮೆಹಬೂಬ್ ಪಾಷಾರ ಕೈಯಿಂದ ಲಗಾಮು ಮೊದಲ ಸಲ ಜಾರಿದ್ದು ಯುದ್ಧ ಶುರುವಾದ ವರ್ಷ. ಕುದುರೆ ತಾನಾಗಿಯೇ ಮನೆ ಮುಂದೆ ಬಂದು ನಿಂತಿತು. ಮಗಳು ರಹೀಮುನ್ನೀಸಾ ಹೊರಗೆ ಬಂದು ನೋಡಿದರೆ, ಅಪ್ಪ ತಮ್ಮ ಬೆರಳುಗಳನ್ನು ಬೇರೆ ಯಾರದೋ ಬೆರಳೆಂಬಂತೆ ನೋಡುತ್ತ ಕೂತಿದ್ದರು.

ಆಮೇಲೆ ಕೈ ಸೊರಗಿತು, ಕಾಲು ಸೊರಗಿತು. ಮಾತು ತೊದಲಿ ತೊದಲಿ ಕೊನೆಗೆ ಗಂಟಲಲ್ಲೇ ಉಳಿಯಿತು. ಕುದುರೆಯನ್ನು ಯಲಿಯೂರಿನವರೊಬ್ಬರು ಕೊಂಡುಹೋದರು. ಜಟಕಾ ಕೊಡಲು ಮಾತ್ರ ಪಾಷಾ ಒಪ್ಪಲಿಲ್ಲ. ಅದು ಹಿತ್ತಲ ಹುಣಸೆಮರದಡಿ, ಕುದುರೆ ಕಟ್ಟುವ ಮೂಕಿಗಳ ಕೆಳಗೆ ಕಲ್ಲು ಕೊಟ್ಟುಕೊಂಡು ನಿಂತಿತು. ಗಂಡ ಪ್ಲೇಗಿಗೆ ಹೋದ ಮೇಲೆ ತವರಿಗೆ ಬಂದಿದ್ದ ರಹೀಮುನ್ನೀಸಾ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಳು.

ಕೈಕಾಲಿನ ಕಷ್ಟ ಹೇಗೋ ನೀಗುತ್ತಿತ್ತು. ಉಸಿರಿನದೇ ನೀಗದಾಯಿತು. ಮಲಗಿಸಿದೊಡನೆ ಉಸಿರು ಒಳಗೆಳೆಯುವಾಗ ಅಪ್ಪನ ಗಂಟಲಿನಿಂದ ಸೀಳು ಸಿಳ್ಳಿನಂಥ ಸದ್ದು ಏಳುತ್ತಿತ್ತು. ಆಮೇಲೆ ಅದೂ ನಿಂತುಬಿಡುತ್ತಿತ್ತು. ಆ ಹೊತ್ತಿನಲ್ಲಿ ಗೋಡೆಯಾಚೆ ಪಕ್ಕದ ಮನೆಯ ಪಟ್ಟಲಮ್ಮ ಬೀಸುತ್ತಿದ್ದ ಕಲ್ಲನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು.

"ಆ ಸದ್ದು ನಿಮ್ಮಪ್ಪುಂದಲ್ಲ ಕಣವ್ವ," ಎಂದಳು ಒಂದು ದಿನ. "ಒಳ್ಗೆ ಇನ್ಯಾರೋ ಕುಂತ್ಕಂಡು ಉಸ್ರು ಎಳೀತಾವ್ರೆ."

"ಅವ್ರುದೇ ಕಣಕ್ಕ, ಸುಮ್ನಿರು," ಎಂದಳು ರಹೀಮುನ್ನೀಸಾ. ಆದರೆ ಪಟ್ಟಲಮ್ಮ ಹೋದ ಮೇಲೆ ಅಪ್ಪನ ಎದೆಗೆ ಕಿವಿಯಿಟ್ಟು, ಸದ್ದು ಅಲ್ಲಿಂದಲೇ ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡಳು.

ಆಸ್ಪತ್ರೆಯ ಡಾಕ್ಟರು ಪಾಷಾರ ನಾಲಗೆ ನೋಡಿದರು, ತೋಳು ಹಿಡಿದು ನೋಡಿದರು. "ನರ ಒಣಗೋ ಕಾಯಿಲೆಯಮ್ಮ. ಈಗ ಉಸಿರಾಡೋ ಕಡೆಗೂ ಬಂದಿದೆ. ಇದಕ್ಕೆ ಔಷಧಿ ಇಲ್ಲ. ಅಂಗಾತ ಮಲಗಿಸಬೇಡ. ಗಂಜಿಯನ್ನ ಕೂರಿಸಿಯೇ ಕುಡಿಸು, ಸ್ವಲ್ಪ ಸ್ವಲ್ಪ," ಎಂದರು.

ಕೂರಿಸುವುದು ಹೇಗೆ? ಗೋಡೆಗೆ ಒರಗಿಸಿದರೆ ಪಕ್ಕಕ್ಕೆ ಕುಸಿಯುತ್ತಿದ್ದರು. ಒಂದು ಸಂಜೆ ತುಟಿ ನೀಲಿಗಟ್ಟಿತು. ಪಾಷಾರ ಕಣ್ಣು ಮಾತ್ರ ಹಿತ್ತಲ ಬಾಗಿಲಿನ ಕಡೆಗೇ ಹೊರಳಿ ಹೊರಳಿ ನಿಲ್ಲುತ್ತಿತ್ತು. ಮಗಳಿಗೆ ಅರ್ಥವಾಯಿತು. ಪಟ್ಟಲಮ್ಮನ ಗಂಡ ಪುಟ್ಟಸ್ವಾಮಿಯನ್ನು ಕೂಗಿ ಕರೆದು, ಇಬ್ಬರೂ ಸೇರಿ ಅವರನ್ನು ಎತ್ತಿ ಜಟಕಾದಲ್ಲಿ ಕೂರಿಸಿದರು. ಮುಂದಿನ ಹಲಗೆಯ ಮೇಲೆ ಮಡಿಸಿದ ಕೌದಿಯಿಟ್ಟು ಅದರ ಮೇಲೆ ಎದೆ ಊರಿಸಿದರು. ಸಿಳ್ಳು ನಿಂತಿತು. ಉಸಿರು ಬಂತು. ತುಟಿಯ ಬಣ್ಣ ತಿರುಗಿತು.

ಅಂದಿನಿಂದ ಪಾಷಾರಿಗೆ ಅದೇ ಹಾಸಿಗೆಯಾಯಿತು. ಮೇಲೊಂದು ಗರಿಯ ಚಪ್ಪರ ಕಟ್ಟಿಸಿದಳು. ಬೆಳಗಿನ ಮಂಜಿನಲ್ಲಿ ಹೊಳೆಯ ಕಡೆಗೆ ಹೊರಟವರು ಬೇಲಿಯ ಸಂದಿನಿಂದ ನೋಡಿದರೆ, ಕುದುರೆಯಿಲ್ಲದ ಗಾಡಿಯಲ್ಲಿ ಮುದುಕನೊಬ್ಬ ಮುಂದಕ್ಕೆ ಬಾಗಿ ಕೂತು ಎಲ್ಲಿಗೋ ಹೊರಟಿರುವಂತೆ ಕಾಣುತ್ತಿತ್ತು. ಕ್ರಮೇಣ ಜನ ಆ ದಾರಿ ಬಿಟ್ಟರು.

ಉಸಿರಿಗೆ ತಕ್ಕಂತೆ ಗಾಡಿಯ ಸ್ಪ್ರಿಂಗು ಕಿರ್ ಎನ್ನುತ್ತಿತ್ತು. ಒಳಗೆ ಬೀಡಿ ಕಟ್ಟುತ್ತಿದ್ದರೂ ರಹೀಮುನ್ನೀಸಾಳ ಒಂದು ಕಿವಿ ಆ ಸದ್ದಿನ ಮೇಲೆಯೇ ಇರುತ್ತಿತ್ತು. ಅದು ತಡವಾದರೆ ಓಡಿಹೋಗಿ ಅಪ್ಪನನ್ನು ಇನ್ನಷ್ಟು ಮುಂದಕ್ಕೆ ಬಾಗಿಸಿ, ಪಕ್ಕೆಗಳನ್ನು ಹಿಂದಿನಿಂದ ಮೆಲ್ಲಗೆ ಅಮುಕಿ ಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಅಪ್ಪನಿಗೆ ಬಚ್ಚಲಿನಲ್ಲಿ ಸ್ನಾನ ಮಾಡಿಸುತ್ತಿದ್ದಳು. ಪಟ್ಟಲಮ್ಮ ಭುಜ ಹಿಡಿದು ಕೂತಿದ್ದಳು. ಹೊರಗೆ ಸ್ಪ್ರಿಂಗು ಕಿರ್ ಎಂದಿತು. ಸ್ವಲ್ಪ ತಡೆದು ಮತ್ತೆ ಕಿರ್ ಎಂದಿತು. ಪಟ್ಟಲಮ್ಮ ತಲೆಯೆತ್ತಿದಳು. ಮೊದಲು ಹೊರಗೆ ಸದ್ದಾಗುತ್ತಿತ್ತು, ಅದರ ಹಿಂದೆಯೇ ಅಪ್ಪನ ಎದೆ ಏಳುತ್ತಿತ್ತು. ಇದ್ದಕ್ಕಿದ್ದಂತೆ ಹೊರಗಿನ ಸದ್ದು ನಿಂತಿತು. ಅಪ್ಪನ ಎದೆಯೂ ಏಳಲಿಲ್ಲ. ರಹೀಮುನ್ನೀಸಾ ಚೊಂಬು ಎಸೆದು ಅವರನ್ನು ಬಾಗಿಸಿ ಪಕ್ಕೆ ಅಮುಕಿದಳು, ಮತ್ತೆ ಅಮುಕಿದಳು. ಉಸಿರು ಬಂತು.

"ಗಾಳಿ ಇರ್ಬೇಕು ಬುಡು," ಎಂದಳು ಪಟ್ಟಲಮ್ಮ. ಬಚ್ಚಲಿನ ಕಂಡಿಯಾಚೆ ಹುಣಸೆಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಪಟ್ಟಲಮ್ಮ ಆಮೇಲೆ ಆ ಹಿತ್ತಲಿಗೆ ಕಾಲಿಡಲಿಲ್ಲ.

ಪಾಷಾ ತೀರಿಕೊಂಡದ್ದು ಚಳಿಗಾಲದಲ್ಲಿ, ಬಿಸಿಲೇರಿದ ಹೊತ್ತು, ಜಟಕಾದಲ್ಲೇ. ಮಗಳು ಗಂಜಿ ಕುಡಿಸುತ್ತಿದ್ದಳು. ಅವರು ಬಾಯಿ ಮುಚ್ಚಿಕೊಂಡು ಕುದುರೆ ನಿಲ್ಲುತ್ತಿದ್ದ, ಎರಡು ಮೂಕಿಗಳ ನಡುವಿನ ಖಾಲಿ ಜಾಗವನ್ನೇ ದಿಟ್ಟಿಸಿದರು. ಅವರ ಮುಖ ಗೆಲುವಾಯಿತು, ಬಾಡಿಗೆ ಸಿಕ್ಕ ಬೆಳಗುಗಳಲ್ಲಿ ಆಗುತ್ತಿದ್ದಂತೆ. "ಏನು ಅಬ್ಬಾ?" ಎಂದು ಅಪ್ಪನನ್ನು ಕೇಳಿದಳು. ಅಷ್ಟರಲ್ಲಿ ಮುಗಿದಿತ್ತು. ಮೀಯಿಸುವಾಗ ಮಡಿಸಿದ ಮಂಡಿಗಳನ್ನು ನೆಟ್ಟಗೆ ಮಾಡಲು ನಾಲ್ವರು ಗಂಡಸರು ಒದ್ದಾಡಿದರು.

ಒಬ್ಬಂಟಿಯಾದ ರಹೀಮುನ್ನೀಸಾಳನ್ನು ಜನ ಕರೆಯತೊಡಗಿದರು. ಯಾರಿಗಾದರೂ ಉಸಿರು ಕಟ್ಟಿದರೆ ಅವಳು ಹೋಗಿ ಕೂರಿಸಿ, ಬಾಗಿಸಿ, ಕೌದಿ ಕೊಟ್ಟು, ಗಂಜಿ ಕುಡಿಸುವುದನ್ನು ಮನೆಯವರಿಗೆ ತೋರಿಸಿಕೊಟ್ಟು ಬರುತ್ತಿದ್ದಳು. ಅವಳು ಕಾಲಿಟ್ಟ ಎಷ್ಟೋ ಮನೆಗಳಲ್ಲಿ ಸಾವೂ ಆಗುತ್ತಿತ್ತು. ಹಾಗಾಗಿ ಕರೆದವರೇ ಅವಳು ಬರುವುದು ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಅವಳಿಗೆ ಅದು ತಿಳಿದಿತ್ತು. ಆದರೂ ಹೋಗುತ್ತಿದ್ದಳು.

ಸ್ವಾತಂತ್ರ್ಯ ಬಂದ ವರ್ಷ ಮಳವಳ್ಳಿ ಕಡೆಯ ಹಳ್ಳಿಯಿಂದ ಚಿಕ್ಕಬೋರಯ್ಯನೆಂಬ ರೈತ ಬಂದ. ಅವನ ತಾಯಿ ಸಣ್ಣತಾಯಮ್ಮನಿಗೂ ಕೈಕಾಲು ಸೊರಗಿ ಉಸಿರು ಕಟ್ಟುತ್ತಿತ್ತಂತೆ. ಬಸ್ಸಿಳಿದು, ಆಗಷ್ಟೇ ಕಬ್ಬು ನೆಟ್ಟ ಗದ್ದೆಯ ಬದುವಿನ ಮೇಲೆ ಅವನ ಹಿಂದೆ ನಡೆದು ಹೋದಳು. ಮುದುಕಿಯನ್ನು ಬಾಗಿಸಿ ಕೂರಿಸಿದ ಮೇಲೆ ಉಸಿರು ಸಲೀಸಾಯಿತು. ಮುದುಕಿ ಕಣ್ಣು ತೆರೆದು ರಹೀಮುನ್ನೀಸಾಳ ಹೆಗಲಾಚೆ ನೋಡಿದಳು.

"ಲೇ ಬೋರಯ್ಯ," ಎಂದಳು ತೊದಲುತ್ತ, "ಈಯಮ್ಮುನ್ ಜೊತ್ಗೆ ಬಂದೋರು ನಿಂತೇ ಅವ್ರಲ್ಲ. ಅವ್ರ್ಗೂ ಒಂದ್ ಚಾಪೆ ಆಕ್ಲಾ."

ಚಿಕ್ಕಬೋರಯ್ಯ ಬಾಗಿಲ ಕಡೆ ನೋಡಿದ; ಅಲ್ಲಿ ಯಾರೂ ಇರಲಿಲ್ಲ. ರಹೀಮುನ್ನೀಸಾ ತಿರುಗಿ ನೋಡಲಿಲ್ಲ. ಮೂಲೆಯಲ್ಲಿದ್ದ ಚಾಪೆಯನ್ನು ತಾನೇ ಎತ್ತಿ ತಂದು, ತನ್ನ ಬೆನ್ನ ಹಿಂದೆ ಹಾಸಿ, ಗಂಜಿಯ ಬಟ್ಟಲನ್ನು ಕೈಗೆ ತೆಗೆದುಕೊಂಡಳು.

ಸಣ್ಣತಾಯಮ್ಮ ಕಬ್ಬು ಕಡಿಯುವ ಕಾಲದವರೆಗೂ ಬದುಕಿದ್ದಳು.